ಎಡಕ್ಕೆ ಹಿಡಿದು ಬಲಕ್ಕೆ ದಾಟಿಸುವ ವಿಧಾನ

ನಮ್ಮೂರಿನಲ್ಲಿ ಮಲ್ಲಿಗೆಯನ್ನು ಒಂದೇ ಬೆರಳಿನ ಗಂಟು ಹಾಕಿ ಕಟ್ಟಬೇಕೆಂದರೆ ಹೂವಿನ ಪುಟ್ಟತಾಯಿಗೆ ವರ್ಷಕ್ಕೊಂದು ಸೀರೆ ಕೊಡಬೇಕು. ಹಲಸಿನ ಹಣ್ಣನ್ನು ಕೈಗೆ ಅಂಟು ಹತ್ತದ ಹಾಗೆ ಬಿಡಿಸಬೇಕೆಂದರೆ ಬಿಡಿಸಿದ ತೊಳೆಯಲ್ಲಿ ಕಾಲುಭಾಗ ಸಣ್ಣಪ್ಪನ ಮನೆಗೆ ಹೋಗಬೇಕು. ಒದ್ದೆ ಸೌದೆಯಲ್ಲಿ ಹೊಗೆಯಿಲ್ಲದೆ ಒಲೆ ಹೊತ್ತಿಸುವುದು ಹೋಟೆಲ್ ಶೇಷಮ್ಮನದು. ಅವಳು ಏನನ್ನೂ ಕೇಳುವುದಿಲ್ಲ, ಆದರೆ ಅವಳ ಎದುರು ನಿಂತು ಅವಳ ಸಾಂಬಾರನ್ನು ಹೊಗಳಬೇಕು. ಆ ಸಾಂಬಾರು ತಿಂದವರಿಗೆ ಇದರ ಬೆಲೆ ಗೊತ್ತು.

ಕೊಡದಿದ್ದರೆ ಯಾರೂ ಬಂದು ಜಗಳವಾಡುವುದಿಲ್ಲ. ಕೈ ಬರುವುದಿಲ್ಲ, ಅಷ್ಟೇ. ಪರೀಕ್ಷೆ ಮನೆಯವರು ಒಂದು ವಿಧಾನವನ್ನು ಪರೀಕ್ಷಿಸಿ, ಇದು ಹೊಸದು, ಇಂಥವರದು ಎಂದು ಪೇಟೆಂಟು ಬರೆದು ಗಂಟೆ ಹೊಡೆದರೆ, ಆ ಗಳಿಗೆಯಿಂದ ಊರಿನ ಉಳಿದೆಲ್ಲರ ಕೈಯಿಂದ ಆ ವಿಧಾನ ಇಳಿದುಹೋಗುತ್ತದೆ. ನೆನಪಿರುತ್ತದೆ, ಬೆರಳು ಮಾತ್ರ ಮಾತು ಕೇಳುವುದಿಲ್ಲ. ಹಕ್ಕುದಾರರು ಮುಖ ನೋಡಿ ‘ಮಾಡ್ಕೋ’ ಎಂದರೆ ಮರಳಿ ಬರುತ್ತದೆ. ಹಬ್ಬದ ಹಿಂದಿನ ದಿನ ಪುಟ್ಟತಾಯಿಯ ಮನೆ ಮುಂದೆ ಹೆಂಗಸರು ಸಾಲಾಗಿ ನಿಂತು ‘ಮಾಡ್ಕೋ’ ಹೇಳಿಸಿಕೊಂಡು ಹೋಗುವುದನ್ನು ನೋಡುತ್ತಲೇ ನಾವೆಲ್ಲ ಬೆಳೆದವರು. ಹಾಗಾಗಿ ಹಕ್ಕಿನ ಮಾತು ನಮ್ಮ ಮನೆಯಲ್ಲೇ ಎದ್ದಾಗ ಅದರಿಂದ ಯಾರ ಕೈಗೆ ಏನಾಗುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನನ್ನ ಹೆಸರು ಧರಣಪ್ಪ. ನಾನೂ ನನ್ನ ಹೆಂಡತಿ ಕುಸುಮಾಳೂ ಬಸ್ ಸ್ಟ್ಯಾಂಡಿನ ಹಿಂದೆ ರಕ್ತಪರೀಕ್ಷೆಯ ಲ್ಯಾಬು ನಡೆಸುತ್ತೇವೆ. ನಮ್ಮಲ್ಲಿ ಹೆಚ್ಚಾಗಿ ನಡೆಯುವುದು ರಕ್ತಕ್ಕೆ ಕಬ್ಬಿಣದ ಕಣ ಹಾಕಿ ಮಾಡುವ ಪರೀಕ್ಷೆ. ಕಣ್ಣಿಗೆ ಬಿಡಿಬಿಡಿಯಾಗಿ ಕಾಣದಷ್ಟು ಸಣ್ಣ ಕಣಗಳು. ನೀರಿನಲ್ಲಿದ್ದರೆ ತೆಳ್ಳಗಿನ ರಾಗಿ ಅಂಬಲಿಯಂತೆ ಕಾಣುತ್ತವೆ. ಅವಕ್ಕೊಂದು ಲೇಪ ಹಚ್ಚಿರುತ್ತಾರೆ. ಥೈರಾಯ್ಡಿನ ಲೇಪವಾದರೆ ರಕ್ತದಲ್ಲಿ ಅದೊಂದನ್ನೇ ಹಿಡಿದುಕೊಳ್ಳುತ್ತದೆ, ಬೇರೆಯದರ ತಂಟೆಗೆ ಹೋಗುವುದಿಲ್ಲ. ಟ್ಯೂಬಿನ ಹೊರಗಿನಿಂದ ಮ್ಯಾಗ್ನೆಟ್ ಹಿಡಿದರೆ ಕಣಗಳೆಲ್ಲ ಟ್ಯೂಬಿನ ಗೋಡೆಗೆ ಬಂದು ಕೂರುತ್ತವೆ. ಉಳಿದ ನೀರನ್ನು ಹೀರಿ ತೆಗೆದು, ಹೊಸ ನೀರು ಹಾಕಿ ಕಣಗಳನ್ನು ತೊಳೆಯಬೇಕು. ಕೊನೆಗೆ ಹೊಳೆಯುವ ದ್ರವ ಹಾಕಿ ಎಷ್ಟು ಹೊಳೆಯಿತೆಂದು ಅಳೆದರೆ ವರದಿ ಸಿದ್ಧ. ಈ ಕೆಲಸದ ಜೀವವೆಲ್ಲ ತೊಳೆಯುವುದರಲ್ಲಿದೆ. ಸರಿಯಾಗಿ ತೊಳೆಯದಿದ್ದರೆ ಇಲ್ಲದ ಕಾಯಿಲೆ ಕಾಣಿಸುತ್ತದೆ. ತೊಳೆಯುವಾಗ ಕಣ ಕಳೆದುಕೊಂಡರೆ ಇರುವ ಕಾಯಿಲೆ ಕಾಣಿಸುವುದಿಲ್ಲ.

ಊರಿನಲ್ಲಿ ತೊಳೆಯುವವರು ಬೇರೆಯವರೂ ಇದ್ದರು, ಆದರೆ ಡಾಕ್ಟರುಗಳು ನನ್ನ ಹತ್ತಿರವೇ ಕಳಿಸುತ್ತಿದ್ದರು. ಹೊಳೆಯುವ ದ್ರವ ಬೆಳಕಿಗೆ ಕೆಡುತ್ತದೆಂದು ನಾನು ಒಳಗೆ ಕಪ್ಪು ಪರದೆಯ ಹಿಂದೆ ಕೂತು ಕೆಲಸ ಮಾಡುತ್ತಿದ್ದೆ. ನನ್ನ ಕೈ ಹೇಗೆ ಓಡುತ್ತದೆಂದು ನೋಡಿದವಳು ಕುಸುಮಾ ಒಬ್ಬಳೇ.

ಆ ಕುಸುಮಾ ಕಳೆದ ವರ್ಷ ದಿನಾ ಸಂಜೆ ಗಡಿಯಾರ ರಿಪೇರಿಯ ಬೋರಲಿಂಗನ ಅಂಗಡಿಗೆ ಹೋಗಲು ಶುರುಮಾಡಿದಳು.

ಬೋರಲಿಂಗ ನನಗಿಂತ ಹದಿನೈದು ವರ್ಷ ಚಿಕ್ಕವನು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಬಾಚಣಿಗೆ, ಆ ಬಾಚಣಿಗೆಗೆ ಕೆಲಸ ಕೊಡುವಷ್ಟು ಕೂದಲು. ನಗುವಾಗ ತಲೆ ಹಿಂದಕ್ಕೆ ಹಾಕಿ ನಗುತ್ತಾನೆ. ಅವನ ನಗು ನಮ್ಮ ಲ್ಯಾಬಿನವರೆಗೂ ಕೇಳಿಸುತ್ತದೆ. ಜೊತೆಗೆ ಕುಸುಮಾಳ ನಗುವೂ ಕೇಳಿಸತೊಡಗಿತು.

“ಎಲ್ಲಿಗೆ?” ಎಂದು ಒಂದು ಸಂಜೆ ಕೇಳಿದೆ.

“ಬೋರಲಿಂಗನ ಅಂಗಡಿಗೆ.”

“ಗಡಿಯಾರ ಕೆಟ್ಟಿದೆಯಾ?”

“ಗಡಿಯಾರ ಚೆನ್ನಾಗೇ ಇದೆ ರೀ. ನಮ್ಮ ಕೆಲಸದ್ದೇ ಒಂದು ಮಿಷನ್ ಮಾಡ್ತಿದ್ದೀವಿ. ಟ್ಯೂಬು ತಾನಾಗೇ ತೊಳ್ಕೊಳ್ಳತ್ತೆ. ಬನ್ನಿ, ನೋಡುವಿರಂತೆ.”

‘ಮಾಡ್ತಿದ್ದೀವಿ’ ಎಂಬ ಮಾತು ನನ್ನ ಎದೆಯಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. “ಕೈಲಿ ತೊಳೆಯೋನು ಮನೇಲೇ ಇದಾನೆ. ನನಗೆ ಯಾವ ಮಿಷನ್ನೂ ನೋಡ್ಬೇಕಾಗಿಲ್ಲ,” ಎಂದೆ.

ನೋಡಲಿಲ್ಲ. ಬೀದಿಯವರೆಲ್ಲ ಹೋಗಿ ನೋಡಿ ಬಂದರು. ಬೇರೆ ಲ್ಯಾಬುಗಳವರೂ ಹೋದರು. ಶೇಷಮ್ಮ ಎರಡೆರಡು ಸಲ ಹೋಗಿ ಬಂದು ನನಗೆ ಇಡ್ಲಿ ಹಾಕುತ್ತಾ, “ಏನ್ ಚೆಂದ ತಿರುಗ್ತದೆ ಅಂತೀಯ ಧರಣಪ್ಪ, ಜಾತ್ರೆ ತೊಟ್ಲು ತಿರುಗ್ದಂಗೆ! ಇಬ್ರೂ ಮೈಮರ್ತು ಕೂತವ್ರೆ. ನೀನೊಬ್ನೇ ನೋಡಿಲ್ಲ ನೋಡು ಊರಲ್ಲಿ,” ಎಂದಳು.

“ಸಾಂಬಾರು ಹಳಸಿದೆ,” ಎಂದೆ.

“ಹಳ್ಸಿರೋದು ಸಾಂಬಾರಲ್ಲ ಬಿಡು,” ಎಂದು ಅವಳು ಒಳಗೆ ಹೋದಳು. ಆಮೇಲೆ ಒಂದು ತಿಂಗಳು ನಮ್ಮ ಮನೆಯ ಒಲೆ ಹೊಗೆಯಾಡಿತು.

ಹೊಟ್ಟೆಕಿಚ್ಚು ಹತ್ತಿದವನಿಗೆ ಸಾಕ್ಷಿಗೇನೂ ಕೊರತೆಯಾಗುವುದಿಲ್ಲ. ಮುಂಚೆ ಕುಸುಮಾ ನನಗೆ ಲೋಟದ ಅಂಚಿನವರೆಗೆ ಕಾಫಿ ಕೊಡುತ್ತಿದ್ದಳು. ಈಗ ಅರ್ಧ ಲೋಟ. ಉಳಿದರ್ಧ ಎಲ್ಲಿಗೆ ಹೋಗುತ್ತದೆಂದು ನನಗೆ ಗೊತ್ತೆಂದುಕೊಂಡೆ. ಸಂಜೆ ಅವಳು ಫ್ಲಾಸ್ಕು ಹಿಡಿದೇ ಹೋಗುತ್ತಿದ್ದಳು. ಮುಂಚೆ ನಾನು ತೊಳೆದಿಟ್ಟದ್ದನ್ನು ಕಣ್ಣುಮುಚ್ಚಿ ಅಳೆದು ವರದಿ ಬರೆಯುತ್ತಿದ್ದಳು. ಈಗ ಎಷ್ಟೋ ರಕ್ತವನ್ನು ಮತ್ತೊಮ್ಮೆ ತಾನೇ ತೊಳೆದು ನೋಡುತ್ತಿದ್ದಳು. ಕೇಳಿದರೆ “ಸುಮ್ನೆ, ಅಭ್ಯಾಸ ಇರ್ಲಿ ಅಂತ” ಎನ್ನುತ್ತಿದ್ದಳು. ಲ್ಯಾಬ್ ಸಾಮಾನಿನ ಅಂಗಡಿಯವನು ಕೊಡುವ ಹೊಸ ಟ್ಯೂಬುಗಳು ಜಾರುತ್ತಿದ್ದವು, ಮ್ಯಾಗ್ನೆಟ್ಟುಗಳು ಸಪ್ಪೆಯಾಗಿದ್ದವು, ಅದನ್ನು ಕೇಳುವವರು ಮನೆಯಲ್ಲಿ ಇರಲಿಲ್ಲ.

ಆಮೇಲೆ ಪರೀಕ್ಷೆ ಮನೆಯ ಹೊರಗೋಡೆಯ ಮೇಲೆ ಚೀಟಿ ಬಂತು. ಹಕ್ಕು ಕೇಳಿದ ಪ್ರತಿಯೊಬ್ಬರ ಹೆಸರೂ ವಿಧಾನದ ಹೆಸರೂ ಅಲ್ಲಿ ಅಂಟಿಸುವುದು ರೂಢಿ. ಒಳಗಿನ ವಿವರ ಮಾತ್ರ ಗುಟ್ಟು. ‘ರಕ್ತಪರೀಕ್ಷೆಯಲ್ಲಿ ಕಬ್ಬಿಣದ ಕಣಗಳನ್ನು ತೊಳೆಯುವ ವಿಧಾನ, ಕೈಯಿಂದಾಗಲಿ ಯಂತ್ರದಿಂದಾಗಲಿ. ಕಂಡುಹಿಡಿದವರು: ಕುಸುಮಾ, ಬೋರಲಿಂಗ.’

ಎರಡು ಹೆಸರು ಅಕ್ಕಪಕ್ಕ, ಲಗ್ನಪತ್ರಿಕೆಯಲ್ಲಿ ಹಾಕಿದ ಹಾಗೆ. ಅದಕ್ಕಿಂತ ಹೆಚ್ಚು ಚುಚ್ಚಿದ್ದು ‘ಕೈಯಿಂದಾಗಲಿ’ ಎಂಬ ಮಾತು. ಮಿಷನ್ನಿಗೆ ಹಕ್ಕು ಕೇಳಲಿ, ಬೇಡವೆನ್ನುವುದಿಲ್ಲ. ಕೈಯನ್ನು ಯಾಕೆ ಸೇರಿಸಬೇಕು? ಈ ಊರಿನಲ್ಲಿ ಕಣ ತೊಳೆದು ಹೆಸರು ಮಾಡಿದ ಕೈ ನನ್ನದೊಂದೇ. ಅದನ್ನು ಕಟ್ಟಿಹಾಕಿ ಲ್ಯಾಬಿನಲ್ಲಿ ಬೋರಲಿಂಗನನ್ನು ಕೂರಿಸುವ ಉಪಾಯ ಇದು ಎಂದು ಚೀಟಿಯ ಮುಂದೆ ನಿಂತಲ್ಲೇ ನಿರ್ಧಾರ ಮಾಡಿದೆ. ಮನೆಗೆ ಬಂದು ಏನೂ ಕೇಳಲಿಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ ಎಂಬ ಭಯ.

ಅಷ್ಟರಲ್ಲಿ ಪರೀಕ್ಷೆ ಮನೆಯಿಂದ ನನಗೇ ಕರೆ ಬಂತು, ಸಾಟಿಗೈಯಾಗಿ ಬರಬೇಕೆಂದು.

ಹೊಸ ವಿಧಾನ ನಿಜವಾಗಿ ಹೊಸದೋ ಅಲ್ಲವೋ ಎಂದು ತಿಳಿಯಲು ಅದೇ ಕಸುಬಿನ ಒಬ್ಬರನ್ನು ಕರೆಸುತ್ತಾರೆ. ಅವರಿಗೆ ಹಳೆಯ ಸಲಕರಣೆಗಳನ್ನು ಕೊಟ್ಟು, ಇರುವ ತೊಂದರೆಯನ್ನಷ್ಟೇ ಹೇಳುತ್ತಾರೆ. ಯಾರೂ ಹೇಳಿಕೊಡದೆ ಅವರ ಕೈಯೇ ಅದೇ ಉತ್ತರಕ್ಕೆ ಬಂದರೆ, ಅದರಲ್ಲಿ ಹೊಸದೇನೂ ಇಲ್ಲ, ಹಕ್ಕು ಇಲ್ಲ. ಅವರೇ ಸಾಟಿಗೈ. ಒಂದೇ ಷರತ್ತು, ಸಾಟಿಗೈ ಹೊಸದನ್ನು ನೋಡಿರಬಾರದು. ಇಡೀ ಊರಿನಲ್ಲಿ ಕಸುಬು ಗೊತ್ತಿದ್ದೂ ಆ ಮಿಷನ್ ನೋಡದೆ ಉಳಿದವನು ನಾನೊಬ್ಬನೇ ಆಗಿದ್ದೆ. ಹೊಟ್ಟೆಕಿಚ್ಚೇ ನನಗೆ ಅರ್ಹತೆ ಕೊಡಿಸಿತ್ತು.

ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಬೋರಲಿಂಗನ ನಗು ಇಳಿಸುವ ಕೆಲಸವನ್ನು ಸರ್ಕಾರದವರೇ ನನ್ನ ಕೈಗೆ ಕೊಟ್ಟಿದ್ದರು.

ಪರೀಕ್ಷಕಿ ಭಾಗೀರಥಮ್ಮ ದಪ್ಪ ಕನ್ನಡಕದ, ಮೆಲುದನಿಯ ಹೆಂಗಸು. ಅವರು ಗಂಟೆ ಹೊಡೆಸಿದ ವಿಧಾನಗಳಿಂದ ಅವರ ಕೈಯಿಂದಲೇ ಕೆಲವು ಅಡುಗೆಗಳು ಇಳಿದುಹೋಗಿವೆಯೆಂದೂ, ಅವರು ಯಾರ ಹತ್ತಿರವೂ ‘ಮಾಡ್ಕೋ’ ಹೇಳಿಸಿಕೊಳ್ಳಲು ಹೋಗಿಲ್ಲವೆಂದೂ ಊರಿನಲ್ಲಿ ಹೇಳುತ್ತಾರೆ. ಕುಸುಮಾಳೂ ಬೋರಲಿಂಗನೂ ಗೋಡೆಬದಿಯ ಬೆಂಚಿನ ಮೇಲೆ ಕೂತಿದ್ದರು, ಒಂದೇ ಬೆಂಚು. ಮಿಷನ್ನಿನ ಮೇಲೆ ಬಟ್ಟೆ ಹೊದಿಸಿತ್ತು. ನನ್ನನ್ನು ಕಂಡ ಕೂಡಲೇ ಕುಸುಮಾಳ ಮುಖ ಬಿಳುಪೇರಿತು. ತಪ್ಪು ಮಾಡಿದವರ ಮುಖ ಹೀಗೇ ಇರುತ್ತದೆ ಎಂದುಕೊಂಡೆ.

“ಧರಣಪ್ಪನೋರೆ, ತೊಂದರೆ ಇಷ್ಟು,” ಎಂದರು ಭಾಗೀರಥಮ್ಮ. “ಕಣಗಳನ್ನ ತೊಳೀಬೇಕು. ಟ್ಯೂಬು ಕುಲುಕಬಾರದು, ಕಡ್ಡಿ ಹಾಕಿ ಕಲಕಬಾರದು, ಒಂದು ಕಣವೂ ಕಳೀಬಾರದು. ಹೇಗೆ ಮಾಡ್ತೀರಿ?”

ನನಗೆ ನಗು ಬಂತು. ಇದೂ ಒಂದು ತೊಂದರೆಯೇ? ಟ್ಯೂಬು ಎತ್ತಿಕೊಂಡು ಎಡಗಡೆ ಮ್ಯಾಗ್ನೆಟ್ ಹಿಡಿದೆ. ಕಣಗಳು ಎಡಗೋಡೆಗೆ ಬಂದು ಕೂತವು. ಉಸಿರು ಬಿಗಿಹಿಡಿದೆ. ಉಸಿರು ಬಿಡುತ್ತಾ ಮ್ಯಾಗ್ನೆಟ್ಟನ್ನು ಬಲಗಡೆಗೆ ತಂದೆ. ಕಣಗಳು ಎಡಗೋಡೆ ಬಿಟ್ಟು, ಹಟ್ಟಿಯಿಂದ ಹೊರಟ ಕುರಿಗಳ ಹಾಗೆ ಒಟ್ಟಾಗಿ ನೀರನ್ನು ದಾಟಿ ಬಲಗೋಡೆಗೆ ಹೋದವು. ದಾಟುವಾಗ ಅವುಗಳ ಕೊಳೆ ನೀರಿಗೆ ಬಿಟ್ಟುಹೋಗುತ್ತದೆ. ನಾನು ತೊಳೆಯುತ್ತಾ ಬಂದದ್ದೇ ಹೀಗೆ.

ಭಾಗೀರಥಮ್ಮ ಮುಂದಕ್ಕೆ ಬಾಗಿದರು. “ಇನ್ನೊಂದ್ಸಲ.”

ಇನ್ನೊಂದು ಸಲ ಎಡಕ್ಕೆ ತರುವಾಗ ಕಣಗಳ ಸಾಲು ನಡುವೆ ಒಡೆಯಿತು. ಅರ್ಧ ಕಣಗಳು ನೀರಿನಲ್ಲೇ ಉಳಿದು ತಳಕ್ಕೆ ಇಳಿದವು. “ಮ್ಯಾಗ್ನೆಟ್ ಸಪ್ಪೆ,” ಎಂದೆ. ಬೇರೆಯದು ಕೊಟ್ಟರು. ಮತ್ತೆ ಒಡೆಯಿತು. ಟ್ಯೂಬು ಮೇಜಿನ ಅಂಚಿಗೆ ಟಕಟಕ ತಾಗುತ್ತಿತ್ತು. ಯಾಕೆ ತಾಗುತ್ತಿದೆಯೆಂದು ನಾನು ಮೇಜನ್ನು ನೋಡಿದೆ. ಕೋಣೆಯಲ್ಲಿದ್ದ ಉಳಿದವರೆಲ್ಲ ನನ್ನ ಕೈ ನೋಡುತ್ತಿದ್ದರು.

“ಸಾಕು,” ಎಂದು ಭಾಗೀರಥಮ್ಮ ಅರ್ಜಿ ಬಿಚ್ಚಿ ಓದಿದರು. “‘ಮ್ಯಾಗ್ನೆಟ್ಟನ್ನು ಟ್ಯೂಬಿನ ಎಡಕ್ಕೆ ಹಿಡಿದು, ಒಂದು ಉಸಿರಿನಷ್ಟು ಹೊತ್ತು ನಿಂತು, ಉಸಿರು ಬಿಡುವಷ್ಟು ನಿಧಾನವಾಗಿ ಬಲಕ್ಕೆ ದಾಟಿಸುವ ವಿಧಾನ...’”

“ಅದು ನನ್ನ ಕೈ!” ಎಂದು ಕೂಗಿದೆ. “ಅಮ್ಮ, ಇವರೇನೂ ಕಂಡುಹಿಡಿದಿಲ್ಲ. ಇವಳು ನನ್ನ ಕೈಯನ್ನ ಕದ್ದು ಅವನಿಗೆ ಕೊಟ್ಟಿದ್ದಾಳೆ!”

ಬೋರಲಿಂಗ ಎದ್ದು ನಿಂತ. “ಹೌದಮ್ಮ, ಅಣ್ಣನ ಕೈನೇ,” ಎಂದ. “ಅಕ್ಕ ದಿನಾ ಹೇಳೋದು ಅದೊಂದೇ. ಹಿಂಗೆ ಹಿಡೀತಾರೆ, ಹಿಂಗೆ ಉಸಿರು ಕಟ್ತಾರೆ. ಒಂದು ವರ್ಷ ಇವರ ಕೈ ಸುದ್ದಿ ಕೇಳಿ ಕೇಳಿ ನಂಗೇ ಸಾಕಾಗಿತ್ತು. ನಡುನಡುವೆ ಇವರು ಗೊಣಗೋದನ್ನ ಅಕ್ಕ ನಟನೆ ಮಾಡಿ ತೋರ್ಸೋರು, ಅದೊಂದಕ್ಕೇ ನಗ್ತಿದ್ದೆ.”

ಭಾಗೀರಥಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. “ಪರದೆ ಹಿಂದೆ ಮಾಡಿದ್ದು ಊರಿಗೆ ಗೊತ್ತಿದ್ದ ಹಾಗಾಗಲ್ಲ. ಅರ್ಜಿ ಬರೆದಿರೋದೇ ನಿಮ್ಮ ಕೈ ನೋಡಿ, ಅದಕ್ಕೆ ನಿಮ್ಮ ಕೈ ಅದೇ ಉತ್ತರಕ್ಕೆ ಬಂದದ್ದೂ ಲೆಕ್ಕಕ್ಕಿಲ್ಲ. ಹಾಗಾಗಿ ವಿಧಾನ ಹೊಸದೇ. ಆದ್ರೆ ಯಾರದು ಅನ್ನೋದು ಸರಿಯಾಗಿರ್ಬೇಕು. ಧರಣಪ್ಪನೋರೆ, ನಿಮ್ಮ ಹೆಸರನ್ನೂ ಮೂರನೇದಾಗಿ ಬರೀತೀನಿ. ಹೆಸರಿದ್ದೋರ ಕೈ ನಿಲ್ಲೋದಿಲ್ಲ, ನಿಮಗೇನೂ ನಷ್ಟ ಇಲ್ಲ.” ಆಮೇಲೆ ಕುಸುಮಾಳತ್ತ ತಿರುಗಿ, “ಇಷ್ಟೆಲ್ಲ ಗೊತ್ತಿದ್ದೂ ಅವರ ಹೆಸರು ಯಾಕಮ್ಮ ಬಿಟ್ಟೆ?” ಎಂದರು.

ಕುಸುಮಾ ಬೆಂಚಿನಿಂದ ಎದ್ದಳು. “ಇವರ ಜೊತೆ ಒಂದು ಮಾತಾಡಿ ಬರ್ತೀನಿ,” ಎಂದು ನನ್ನನ್ನು ಜಗಲಿಗೆ ಕರೆದುಕೊಂಡು ಹೋದಳು.

“ಯಾಕೆ ಬಿಟ್ಟೆ?” ಎಂದೆ. ಕೋಪದಲ್ಲಿ ಹೊರಟ ಮಾತು ಅಳುವ ಹಾಗೆ ಕೇಳಿಸಿತು.

“ನಿಮ್ಮ ಹೆಸರಿದ್ರೆ ನಿಮ್ಮ ಕೈ ನಿಲ್ಲಲ್ಲ ರೀ.”

“ನನ್ನ ಕೈ ಯಾಕೆ ನಿಲ್ಬೇಕು?”

ಅವಳು ನನ್ನ ಬಲಗೈಯನ್ನು ತೆಗೆದುಕೊಂಡು ತನ್ನ ಅಂಗೈ ಮೇಲೆ ಇಟ್ಟುಕೊಂಡಳು. ಬಲೆಯಿಂದ ತೆಗೆದ ಗುಬ್ಬಿಯ ಹಾಗೆ ಅದು ನಡುಗುತ್ತಿತ್ತು. ನಾನು ನಿಲ್ಲಿಸಲು ನೋಡಿದೆ. ಇನ್ನೂ ಹೆಚ್ಚಾಯಿತು.

“ಹೋದ ಬೇಸಿಗೇಲಿ ಲೂಸಿ ಟೀಚರ್ ವರದಿ ಎಲ್ಲ ಸರಿ ಇದೆ ಅಂತ ಬಂತು,” ಎಂದಳು. “ಅವರ ಮುಖ ನೋಡಿದ್ರೆ ನನಗೆ ಸರಿ ಅನ್ನಿಸ್ಲಿಲ್ಲ. ಮತ್ತೆ ತೊಳ್ದೆ. ಸರಿ ಇರ್ಲಿಲ್ಲ ರೀ. ಕಣ ಅರ್ಧ ಹೋಗಿತ್ತು. ಆವತ್ತಿಂದ ಎಲ್ಲಾನೂ ಮತ್ತೆ ತೊಳೀತಿದೀನಿ. ನನ್ನೊಬ್ಬಳ ಕೈಲಿ ಎಷ್ಟು ದಿನ ಆಗತ್ತೆ?”

“ಬಾಯಿಬಿಟ್ಟು ಹೇಳ್ಬಹುದಿತ್ತು.”

“ಹೇಳ್ದೆ. ಟ್ಯೂಬು ಜಾರತ್ತೆ ಅಂದ್ರಿ. ಮ್ಯಾಗ್ನೆಟ್ ಸಪ್ಪೆ ಅಂದ್ರಿ. ಅಂಗಡಿಯೋನ ಜೊತೆ ಜಗಳಕ್ಕೆ ಹೋದ್ರಿ.”

ನಿಜ. ಹೋಗಿದ್ದೆ.

“ಮಿಷನ್ ನೋಡಿದ್ಮೇಲೆ ಬೇರೆ ಲ್ಯಾಬಿನೋರೂ ಈಗ ಎಡಕ್ಕೂ ಬಲಕ್ಕೂ ದಾಟಿಸ್ತಿದಾರೆ. ಗಂಟೆ ಹೊಡೆದ್ರೆ ಅವರೆಲ್ಲರ ಕೈನೂ ನಿಲ್ಲತ್ತೆ. ನಿಮ್ಮದೂ ಅದ್ರಲ್ಲಿ ಒಂದು. ಧರಣಪ್ಪನ ಕೈಗೆ ಏನಾಯ್ತು ಅಂತ ಯಾರೂ ಕೇಳಲ್ಲ. ಪೇಟೆಂಟಾಯ್ತು, ನಿಂತಿತು ಅಂತಾರೆ, ಅಷ್ಟೇ. ಅದಕ್ಕೇ ‘ಕೈಯಿಂದಾಗಲಿ’ ಅಂತ ಬರೆಸ್ದೆ. ನಿಮ್ಮನ್ನೇ ಸಾಟಿಗೈ ಅಂತ ಕರೀತಾರೆ ಅಂತ ನನಗೇನು ಗೊತ್ತಿತ್ತು? ಇಡೀ ಊರು ಬಂದು ನೋಡ್ತು, ನೀವೂ ಒಂದ್ಸಲ ಬಂದು ನೋಡಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?”

ಆಮೇಲೆ ಬಹಳ ದಿನಗಳಿಂದ ಒಳಗಿದ್ದದ್ದನ್ನು ಕೇಳಿಬಿಟ್ಟೆ. “ಮತ್ತೆ ಕಾಫಿ ಯಾಕೆ ಅರ್ಧ ಲೋಟ?”

“ತುಂಬ ಕೊಟ್ರೆ ಚೆಲ್ತೀರಿ. ಚೆಲ್ಲಿದ್ರೆ ನಿಮಗೆ ಗೊತ್ತಾಗಿಬಿಡತ್ತೆ.”

ಆ ಚೀಟಿಯ ಮೇಲೆ ನನ್ನ ಹೆಸರು ಬೇಕೆಂದು ನಾನು ಎಷ್ಟು ಆಸೆಪಟ್ಟಿದ್ದೆನೆಂದು ಹೇಳಲಾರೆ. ಕುಸುಮಾ, ಬೋರಲಿಂಗ ಎಂಬ ಎರಡು ಹೆಸರುಗಳ ನಡುವೆ ನೂಕಿಕೊಂಡಾದರೂ ನಿಲ್ಲಬೇಕೆಂದಿತ್ತು. ಅದು ಈಗ ಒಳಗಿನ ಮೇಜಿನ ಮೇಲೆ ಕಾದಿತ್ತು. ಹೂಂ ಎಂದರೆ ಬರೆದುಕೊಡುತ್ತಿದ್ದರು. ಆದರೆ ನನ್ನನ್ನು ನಾನು ಬಲ್ಲೆ. ಕೈ ಓಡುತ್ತಿರುವವರೆಗೂ ನಾನು ಪರದೆಯ ಹಿಂದೆ ಹೋಗಿ ಕೂರುವವನೇ. ಮ್ಯಾಗ್ನೆಟ್ಟನ್ನು ಬೈಯುವವನೇ. ಲೂಸಿ ಟೀಚರಂಥ ಇನ್ನೊಬ್ಬರಿಗೆ, ಏನೂ ಇಲ್ಲ, ಆರಾಮಾಗಿ ಹೋಗಿಬನ್ನಿ ಎಂದು ಕಳಿಸುವವನೇ.

ಒಳಗೆ ಹೋಗಿ, “ಅಮ್ಮ, ನನ್ನ ಹೆಸರು ಬೇಡ,” ಎಂದೆ.

“ನಿಮ್ಮ ಕೈ ಅಂದ್ರಲ್ಲ?”

“ಆಗಿತ್ತು. ಈಗ ನನ್ನ ಕೈ ಹಾಗೆ ಮಾಡಲ್ಲ. ನೀವೇ ನೋಡಿದ್ರಿ.”

ಅವರು ನನ್ನನ್ನೂ, ಜೇಬಿಗೆ ಸೇರಿಸಿಕೊಂಡಿದ್ದ ನನ್ನ ಬಲಗೈಯನ್ನೂ ನೋಡಿದರು. ‘ಸಾಟಿಗೈ ಸೋತಿತು’ ಎಂದು ಬರೆದು, ನಾಳೆ ಮಧ್ಯಾಹ್ನ ಗಂಟೆ ಹೊಡೆಸುತ್ತೇನೆ ಎಂದು ಹೇಳಿದರು.

ಗಂಟೆಗೆ ಮುಂಚೆ ಕಡೇಗೈ ತೀರಿಸಿಕೊಳ್ಳುವುದು ನಮ್ಮೂರಿನ ಪದ್ಧತಿ. ಕೈಯಿಂದ ಹೋಗಲಿರುವುದನ್ನು ಕೊನೆಯದಾಗಿ ಒಮ್ಮೆ ಮಾಡಿ ಬಿಡುವುದು. ಮಲ್ಲಿಗೆ ಗಂಟಿನ ಗಂಟೆಯ ದಿನ ಊರಿನ ಹೆಂಗಸರು ಕಟ್ಟಿದ ಮಾಲೆಗಳನ್ನು ಮುಡಿಯುವವರಿಲ್ಲದೆ ಎಮ್ಮೆಗಳ ಕೊರಳಿಗೆ ಹಾಕಿದ್ದರಂತೆ. ಮರುದಿನ ಬೆಳಿಗ್ಗೆ ಕುಸುಮಾ ಕಪ್ಪು ಪರದೆಯನ್ನು ಎಳೆದು ಕಟ್ಟಿದಳು. ಬೆಳಕು ಒಳಗೆ ಬಂತು. ಬಾಗಿಲಲ್ಲಿ ಬೋರಲಿಂಗ ನಿಂತಿದ್ದ, ಇಸ್ತ್ರಿ ಅಂಗಿ, ಬಾಚಣಿಗೆ ಎಲ್ಲ ಸಮೇತ.

“ಅಣ್ಣ, ಬೈಬೇಡಿ. ಒಂದ್ಸಲ ನೋಡ್ಬೇಕು. ಬರೀ ಕೇಳಿ ಮಾಡಿದ್ದು ನಾನು.”

“ನೋಡು. ಮುಟ್ಬೇಡ,” ಎಂದೆ.

ಕುಸುಮಾ ನನ್ನ ಮೊಣಕೈ ಕೆಳಗೆ ತನ್ನ ಅಂಗೈ ಕೊಟ್ಟು ನಿಂತಳು. ಎಡಕ್ಕೆ ಹಿಡಿದೆ. ಉಸಿರು ನಿಂತಿತು. ಬಲಕ್ಕೆ ತಂದೆ. ಕುರಿಗಳೆಲ್ಲ ಒಂದೂ ತಪ್ಪದೆ ದಾಟಿದವು. ಮತ್ತೆ ಎಡಕ್ಕೆ. ಮತ್ತೆ ಬಲಕ್ಕೆ. ನೀರು ತಿಳಿಯಾಗುವವರೆಗೂ ತೊಳೆದೆ.

ಬೋರಲಿಂಗ ನಗಲಿಲ್ಲ. “ತಪ್ಪಾಗಿದೆ ಅಕ್ಕ,” ಎಂದ. “ಒಂದು ಉಸಿರು ಅಂದಿರಲ್ಲ, ನಾನು ನನ್ನ ಉಸಿರಿಗೆ ಹಲ್ಲುಚಕ್ರ ಕೂರಿಸಿದೀನಿ. ಅಣ್ಣಂದು ಉದ್ದ. ಅದಕ್ಕೇ ನಮ್ಮ ಮಿಷನ್ನಲ್ಲಿ ಕಡೇ ತೊಳೆತದಲ್ಲಿ ಒಂಚೂರು ಕೊಳೆ ಉಳೀತಿತ್ತು.” ಗಡಿಯಾರ ಹಿಡಿದು ನನ್ನಿಂದ ಇನ್ನೊಮ್ಮೆ ಮಾಡಿಸಿ, ಓಡಿಹೋದ. ಗಂಟೆ ಹೊಡೆಯುವಷ್ಟರಲ್ಲಿ ಚಕ್ರ ಬದಲಾಗಿತ್ತು.

ಗಂಟೆ ಹೊಡೆದಾಗ ನಾನು ಮ್ಯಾಗ್ನೆಟ್ ಹಿಡಿದೇ ಕೂತಿದ್ದೆ. ನೋವೇನೂ ಆಗಲಿಲ್ಲ. ಕೈಗೆ ಅದು ಬರೀ ಒಂದು ಕಬ್ಬಿಣದ ತುಂಡಾಯಿತು.

ಬೇರೆ ಲ್ಯಾಬಿನವರು ವಾರಕ್ಕೊಮ್ಮೆ ನಮ್ಮ ಬಾಗಿಲಿಗೂ ಗಡಿಯಾರದಂಗಡಿಗೂ ಹೋಗಿ, ಇಬ್ಬರ ಬಾಯಲ್ಲೂ ‘ಮಾಡ್ಕೋ’ ಹೇಳಿಸಿಕೊಂಡು ಹೋಗುತ್ತಾರೆ. ನನ್ನ ಮುಖ ನೋಡಿ ಕುಸುಮಾ ಅದನ್ನು ಹೇಳಿಲ್ಲ, ನಾನು ಕೇಳಿಲ್ಲ. ಬೋರಲಿಂಗ ಒಮ್ಮೆ ದಾರಿಯಲ್ಲಿ ಪ್ರೀತಿಯಿಂದಲೇ “ಅಣ್ಣ, ಮಾಡ್ಕೊ...” ಎಂದು ಶುರುಮಾಡಿದ. ನಾನು ಎರಡೂ ಕಿವಿ ಮುಚ್ಚಿಕೊಂಡು ಶೇಷಮ್ಮನ ಹೋಟೆಲಿಗೆ ನುಗ್ಗಿದೆ. ಅಲ್ಲಿ ಸಾಂಬಾರು ಬಹಳ ಚೆನ್ನಾಗಿದೆಯೆಂದು ಹೇಳಿ ಬಂದೆ. ಈಗ ನಮ್ಮ ಮನೆಯಲ್ಲಿ ಹೊಗೆಯಿಲ್ಲ. ಕಾಫಿ ಅರ್ಧ ಲೋಟವೇ ಬರುತ್ತದೆ, ಆದರೆ ಎರಡು ಸಲ ಬರುತ್ತದೆ.

ನನ್ನಿಂದ ಹೋದದ್ದು ನನ್ನ ಕಸುಬು, ಹಕ್ಕಿನ ಮೇಲೆ ಬರಬಹುದಾಗಿದ್ದ ಹೆಸರು. ಸಿಕ್ಕಿದ್ದು ತಪ್ಪಿಲ್ಲದ ವರದಿ, ಸಂಜೆ ಮನೆಯಲ್ಲಿರುವ ಹೆಂಡತಿ, ಮತ್ತು ನನ್ನ ಉಸಿರಿನ ಅಳತೆಗೆ ನಿಂತು ದಾಟಿಸುವ ಒಂದು ಮಿಷನ್. ಬೋರಲಿಂಗನ ಕೂದಲಿನ ಮೇಲಿನ ಹೊಟ್ಟೆಕಿಚ್ಚು ಮಾತ್ರ ಹಾಗೇ ಇದೆ.